ಘಾಟಿನ ತುದಿತನಕ ಬರುವ ಮಿಸ್ತ್ರಿ

ಕ್ಲಚ್ಚು ಎಡಗಾಲಿಗೋ ಬಲಗಾಲಿಗೋ ನನಗೆ ಗೊತ್ತಿಲ್ಲ. ಇದನ್ನು ಈ ಲೇಖನ ಬರೆಯಲು ಹೇಳಿದ ಪುರವಣಿಯ ಸಂಪಾದಕರಿಗೆ ಹೇಳಿಲ್ಲ, ಮನೆಯಲ್ಲಿ ಅಣ್ಣನಿಗೂ ಹೇಳಿಲ್ಲ. ಸೋಮವಾರದ ದಿನಚರಿಯಲ್ಲಿ ಮಾತ್ರ ಬರೆದಿಟ್ಟಿದ್ದೇನೆ. ಇತಿಹಾಸ ಓದಿ ಬಿ.ಎ. ಮಾಡಿದವಳು ಗ್ಯಾರೇಜಿನ ಮುಂದೆ ನಿಂತು ಏನು ಕೇಳಬೇಕು? ಕೇಳುವುದಿರಲಿ, ಅವರೇ ತಿರುಗಿ ನನ್ನನ್ನು ಏನಾದರೂ ಕೇಳಿದರೆ?

ಮಂಗಳವಾರ ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪುಣೆಯ ಕಾತ್ರಜದ ಬಸ್ ನಿಲ್ದಾಣ ದಾಟಿದರೆ ಸಾತಾರಾ ರಸ್ತೆಯ ಎಡಕ್ಕೆ ಒಂದು ತಗಡಿನ ಶೆಡ್ಡು. ಅದರ ಮುಂದೆ ನಿಂತ ಪಿಕಪ್ ಗಾಡಿಯ ಕೆಳಗಿನಿಂದ ಎರಡು ಪಾದಗಳು ಹೊರಬಂದಿವೆ. ಒಳಗೆ ಬ್ಯಾಟರಿಯ ಬೆಳಕು ಆಚೀಚೆ ಆಡುತ್ತಿದೆ. ನಾನು ಸದ್ದಿಲ್ಲದೆ ಹತ್ತಿರ ಹೋಗಿ ನಿಲ್ಲುತ್ತೇನೆ.

"ಯಾರ ಚಪ್ಲಿ ಇವು?" ಗಾಡಿಯ ಅಡಿಯಿಂದ ದನಿ ಬರುತ್ತದೆ. "ಗಿರಾಕಿವಲ್ಲ. ಭಾಳ ಸ್ವಚ್ಛ ಅದಾವು."

ಇವರು ಹೊಳಬಸಪ್ಪ. ವಯಸ್ಸು ಐವತ್ತೆಂಟು. ಬೈಲಹೊಂಗಲದ ಕಡೆಯ ಹಳ್ಳಿಯಿಂದ ಪುಣೆಗೆ ಬಂದು ಮೂವತ್ತೆಂಟು ವರ್ಷವಾಯಿತು. ಈ ಊರಿಗೆ ತರಕಾರಿ, ಹಾಲು, ಹೂವು, ನೀರಿನ ಕ್ಯಾನು, ಮದುವೆ ಮಂಟಪದ ಕಂಬ ಹೊತ್ತು ತರುವ ಪಿಕಪ್ ಗಾಡಿಗಳನ್ನು ರಿಪೇರಿ ಮಾಡುವ ಮಿಸ್ತ್ರಿ ಅವರು. ದಿನಕ್ಕೆ ಐದು ಗಾಡಿ, ಹೆಚ್ಚೆಂದರೆ ಆರು. ಅವರ ಹೆಸರಿನ ಬೋರ್ಡು ಎಲ್ಲೂ ಇಲ್ಲ. ಇರುವ ಒಂದೇ ತಗಡಿನ ಮೇಲೆ, ಮೊದಲು ಮರಾಠಿಯಲ್ಲಿ, ಅದರ ಕೆಳಗೆ ಕನ್ನಡದಲ್ಲಿ ಬಣ್ಣದಿಂದ ಬರೆದದ್ದು ಇಷ್ಟೇ: "ಖಾಲಿ ಗಾಡಿ ತರಬೇಡಿ. ಲೋಡ್ ಸಮೇತ ಬನ್ನಿ."

ಶೆಡ್ಡಿನ ಮುಂದಿನ ಬೆಂಚಿನಲ್ಲಿ ಖಡಕಿಯ ಲೋಕನಾಥ ಕುಳಿತಿದ್ದಾರೆ. ದಂಡಿನ ಪ್ರದೇಶದ ಮನೆಗಳಿಗೆ ನೀರಿನ ಕ್ಯಾನು ಹಂಚುವವರು. ಬಾಯಿ ಬಿಡಲು ನನಗೆ ಧೈರ್ಯ ಸಾಲದ್ದು ನೋಡಿ ಅವರೇ ಶುರುಮಾಡುತ್ತಾರೆ.

"ನನ್ನ ಗಾಡಿ ಭಾಳ ಗಟ್ಟಿ ನೋಡ್ರಿ. ಮೂರು ವರ್ಷದಾಗ ಒಂದು ಬೋಲ್ಟ್ ಸುದ್ದಾ ಬಿಚ್ಚಿಲ್ಲ."

"ಮತ್ತ ಇಲ್ಲಿ ಯಾಕ ಕುಂತೀರಿ?" ಶೆಡ್ಡಿನ ಬಾಗಿಲಲ್ಲಿ ಹೊಲಿಗೆ ಯಂತ್ರದ ಮುಂದಿರುವ ಪಾರವ್ವ ಕೇಳುತ್ತಾರೆ. ಅವರು ಹೊಳಬಸಪ್ಪನವರ ಹೆಂಡತಿ. ಲೋಡಿನ ಮೇಲೆ ಹೊದಿಸುವ ತಾಡಪತ್ರಿ ಹೊಲಿಯುತ್ತಾರೆ.

"ನಾಲ್ಕನೇ ವರ್ಷ ನಡದದಲ್ರಿ ಅಕ್ಕಾರ."

ಬೆಂಚಿನ ಮೇಲಿನ ನಗು ಇಳಿಯುವ ಮೊದಲೇ ನಾನು ಬರೆದುಕೊಂಡು ಹೋಗಿದ್ದ ಮೊದಲ ಪ್ರಶ್ನೆ ಕೇಳಿಬಿಡುತ್ತೇನೆ. ಯಾವ ಪಿಕಪ್ ಗಟ್ಟಿ? ಯಾವುದನ್ನು ನಂಬಬಹುದು? ಹೊಳಬಸಪ್ಪ ಗಾಡಿಯ ಕೆಳಗಿನಿಂದ ಜಾರಿ ಹೊರಬಂದು, ನನ್ನ ತುಟಿಯನ್ನೇ ನೋಡುತ್ತ, "ಇನ್ನೊಮ್ಮೆ ಹೇಳು ತಂಗಿ" ಅನ್ನುತ್ತಾರೆ. ಎರಡನೇ ಸಲ ಕೇಳಿದ ಮೇಲೆ ಉತ್ತರ.

"ಒಂದ ದಿವ್ಸ ಶೋರೂಮಿಂದ ಹೊರಗ ಬಿದ್ದ ಎರಡ ಗಾಡಿ ಇರ್ತಾವು. ಒಂದ ಹತ್ತ ವರ್ಷ ಓಡ್ತೈತಿ, ಒಂದ ಎರಡ ವರ್ಷಕ್ಕ ಕುಂಡ್ರತೈತಿ. ಕಂಪನಿ ಎರಡಕ್ಕೂ ಒಂದ. ಒಂದಕ್ಕ ಮಾಲಕ ತಾನ ಡ್ರೈವರ, ಇನ್ನೊಂದಕ್ಕ ದಿನಾ ಒಬ್ಬಾವ. ಇವರು ಬಂದ್ ಕೇಳ್ತಾರ, ಯಾವ ಗಾಡಿ ತಗೊಳ್ಳಿ ಮಿಸ್ತ್ರಿ ಅಂತ. ನಾ ಕೇಳ್ತೀನಿ, ಏನ್ ಹೇರಾವ್ರು? ಅದನ್ನ ಹೇಳೂದಿಲ್ಲ. ಟನ್ನಿನ ಗಾಡಿಗೆ ಎರಡ ಟನ್ ಹೇರಿ, ಗಾಡಿ ಸುಮಾರ ಐತಿ ಅಂತಾರ."

ಲೋಕನಾಥ ಆಕಾಶ ನೋಡುತ್ತಾರೆ.

ಆರೂವರೆಗೆ ಹರ್ಷದಾ ಬರುತ್ತಾಳೆ. ಇಂದಾಪುರ ತಾಲೂಕಿನ ಇಪ್ಪತ್ತೇಳರ ಹುಡುಗಿ. ತಾಯಿ ಕನ್ನಡ ಸೀಮೆಯ ಇಂಡಿ ಊರಿನವರು, ಹಾಗಾಗಿ ಮರಾಠಿ ಬೆರೆತ ಕನ್ನಡ. ತನ್ನ ಪಿಕಪ್ಪನ್ನು ತಾನೇ ಓಡಿಸುತ್ತಾಳೆ. ಅವರ ತೋಟದ್ದೂ ಸೇರಿ ಆರು ಮನೆಗಳ ಪೇರಲ, ಅಂದರೆ ಸೀಬೆ ಹಣ್ಣು ಅವಳ ಗಾಡಿಯಲ್ಲೇ ಬರುತ್ತದೆ. ಇಷ್ಟು ದಿನ ದಲಾಲರ ಕೈಗೆ ಹೋಗುತ್ತಿದ್ದ ಹಣ್ಣಿಗೆ ಈಗ ವಾಯಿ ಕಡೆಯ ಒಂದು ಜಾಮ್ ಕಾರ್ಖಾನೆ ಸಿಕ್ಕಿದೆ. ಕಾರ್ಖಾನೆಯವರ ಕರಾರು ಒಂದೇ. ಮೂರು ಖೇಪು, ಅಂದರೆ ಮೂರು ಸಲದ ಲೋಡು ನೋಡುತ್ತೇವೆ, ಹತ್ತು ಗಂಟೆಯೊಳಗೆ ಹಣ್ಣು ಗೇಟಿಗೆ ಬರಬೇಕು. ಮೊದಲ ಎರಡು ಖೇಪು ಮಧ್ಯಾಹ್ನಕ್ಕೆ ತಲುಪಿದವು. ಘಾಟು ಹತ್ತುವಾಗ ಗಾಡಿಗೆ ಜೀವವೇ ಇರುವುದಿಲ್ಲ. ಮೂರನೆಯದು ಗುರುವಾರ. ಅದೂ ತಡವಾದರೆ ಕೆಲಸ ಬೇರೆಯವರ ಪಾಲು.

"ಎರಡು ವರ್ಕ್‌ಶಾಪು ಆತು ಮಾಮಾ. ಫಿಲ್ಟರ್ ಬದಲಿ, ಪಂಪ್ ಬದಲಿ, ಕ್ಲಚ್ ಪ್ಲೇಟ್ ಬದಲಿ. ಅವರು ಓಡ್ಸಿ ನೋಡಿದ್ರ ಹರಿಣದಂಗ ಓಡ್ತದ. ನಾ ಹೇರಿಕೊಂಡು ಹೊಂಟ್ರ ಎಮ್ಮೆ! ಮನ್ಯಾಗ ಎಲ್ಲಾರೂ ಮಾರಿಬಿಡು ಅಂತಾರ. ನಾ ಮಾರಂಗಿಲ್ಲ."

"ಖಾಲಿ ಓಡ್ಸಿ ನೋಡ್ಯಾರ," ಅನ್ನುತ್ತಾರೆ ಹೊಳಬಸಪ್ಪ. ಆಮೇಲೆ ಗಾಡಿಯ ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡಿ, "ನೀನೂ ಖಾಲಿ ತಂದೀಯಲ್ಲ!"

"ಅರೇ ದೇವಾ. ಇಷ್ಟ ಮುಂಜಾನೆ ಏನ್ ಹೇರ್ಲಿ ಮಾಮಾ, ನನ್ನ ಅತ್ತೀನ್ನ?"

"ಇದ್ರ ತಗೊಂಡ ಬಾ. ಎಷ್ಟ ತೂಕ?"

ಶೆಡ್ಡಿನ ಹಿಂದೆ ಮರಳಿನ ಚೀಲಗಳ ಗೋಡೆಯೇ ಇದೆ. ಒಂದೊಂದು ಮೂವತ್ತು ಕಿಲೋ. ಮಾತು ಕೇಳದೆ ಖಾಲಿ ಬಂದವರಿಗಾಗಿ ಇಟ್ಟದ್ದು. ನಲವತ್ತು ಚೀಲಗಳನ್ನು ಹರ್ಷದಾ, ಲೋಕನಾಥ, ಮಿಸ್ತ್ರಿ ಮೂವರೂ ಸೇರಿ ಹೇರುತ್ತಾರೆ. ಹೇರಿದ ಮೇಲೂ ಹೊರಡುವುದಿಲ್ಲ. ಹೊಳಬಸಪ್ಪ ಬಾನೆಟ್ ಎತ್ತಿ, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಇಂಜಿನ್ನಿನ ಒಂದೊಂದು ಪೈಪು, ಒಂದೊಂದು ಸಂದು ಒರೆಸಲು ತೊಡಗುತ್ತಾರೆ. ಮುಕ್ಕಾಲು ಗಂಟೆ. ಹರ್ಷದಾ ಗಡಿಯಾರ ನೋಡಿಕೊಳ್ಳುತ್ತಾಳೆ. "ಮಾಮಾ, ಗಾಡಿಗೆ ಲಗ್ನ ಐತೇನು?" ಅವರು ತಲೆ ಎತ್ತುವುದಿಲ್ಲ.

ಆಮೇಲೆ ಹಳೆಯ ಕಾತ್ರಜ ಘಾಟು. ಮೂರನೇ ತಿರುವಿಗೇ ಗಾಡಿ ಏದುಸಿರು ಬಿಡುತ್ತದೆ. ಹಿಂದಿನಿಂದ ಬಂದ ಸ್ಕೂಟರಿನ ಅಜ್ಜರೊಬ್ಬರು ನಮ್ಮನ್ನು ದಾಟಿ, ಕೈಬೀಸಿ ಹೋಗುತ್ತಾರೆ. ತುದಿ ಮುಟ್ಟಿದ ಕೂಡಲೇ ಹೊಳಬಸಪ್ಪ ಇಳಿದು ಬಾನೆಟ್ ಎತ್ತಿ, ಕೈ ಕಟ್ಟಿ ನಿಂತು ನೋಡುತ್ತಾರೆ. ಮುಟ್ಟುವುದಿಲ್ಲ. ಬರಿ ನೋಡುತ್ತಾರೆ. ಅಷ್ಟೊತ್ತು ಒರೆಸಿದ್ದು ಏಕೆಂದು ನನಗೆ ಆಗ ತಿಳಿಯುತ್ತದೆ. ಕೆಳಗೆ ಎಲ್ಲವೂ ಸ್ವಚ್ಛವಾಗಿತ್ತು. ಈಗ ಎಲ್ಲಿ ಹೊಸ ಪಸೆ ಕಾಣುತ್ತದೋ ಅಲ್ಲೇ ರೋಗ. ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪಿನ ಅಡಿಯಲ್ಲಿ, ಕನ್ನಡಿ ಹಿಡಿದರಷ್ಟೇ ಕಾಣುವ ಕಡೆ, ಬೆರಳಗಲ ಎಣ್ಣೆ ಜಿನುಗಿದೆ.

ಬುಧವಾರ ಪೈಪು ಬಿಚ್ಚಿ ಮಡಿಸಿ ತೋರಿಸುತ್ತಾರೆ. ಉಗುರು ಗೀರಿದಷ್ಟು ಸೀಳು. ಖಾಲಿ ಓಡುವಾಗ ಮುಚ್ಚಿಕೊಂಡಿರುತ್ತದೆ. ಭಾರ ಹೊತ್ತು ಏರುವಾಗ ಗಾಳಿಯ ಒತ್ತಡಕ್ಕೆ ಬಾಯಿ ಬಿಡುತ್ತದೆ. ಪಂಪಿನ ತಪ್ಪೂ ಅಲ್ಲ, ಕ್ಲಚ್ಚಿನ ತಪ್ಪೂ ಅಲ್ಲ. ಹಳೆಯ ಪೈಪನ್ನು ತಂತಿಯಿಂದ ಕಟ್ಟಿ ಹರ್ಷದಾಳ ಕೈಗೆ ಕೊಡುತ್ತಾರೆ. ಬಿಚ್ಚಿದ ಸಾಮಾನು ಮಾಲಕರಿಗೇ ಹೋಗಬೇಕೆಂಬುದು ಅವರ ಇನ್ನೊಂದು ನಿಯಮ.

ಹರ್ಷದಾ ಆ ಪೈಪನ್ನು ಹಾವು ಹಿಡಿದ ಹಾಗೆ ಹಿಡಿದು, "ಇದಕ್ಕ ನಾ ಎರಡು ತಿಂಗಳು ಅತ್ತೀನಿ?" ಅನ್ನುತ್ತಾಳೆ.

ಈ ಲೋಡಿನ ಹಟ ಎಲ್ಲಿಂದ ಬಂತು? ಕೇಳಲು ನನಗೆ ಎರಡು ದಿನ ಹಿಡಿಯುತ್ತದೆ. ಬುಧವಾರ ಊಟದ ಹೊತ್ತಿಗೆ, ಪಾರವ್ವ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಕೊಟ್ಟಾಗ, ಧೈರ್ಯ ಬರುತ್ತದೆ.

ಹೊಳಬಸಪ್ಪ ಪುಣೆಗೆ ಬಂದಾಗ ಇಪ್ಪತ್ತು ವರ್ಷ. ಕೆಲಸ ಸಿಕ್ಕಿದ್ದು ಖಡಕಿಯಲ್ಲಿ, ಮಿಲಿಟರಿ ಹರಾಜಿನ ಗಾಡಿ ಕೊಂಡು ದುರಸ್ತಿ ಮಾಡಿ ಮಾರುತ್ತಿದ್ದ ಮಧುಕರ ಎಂಬ ಉಸ್ತಾದರ ಬಳಿ. ಮರಾಠಿ ಕಲಿತದ್ದು ಬೈಗುಳದಿಂದ, ಕೆಲಸ ಕಲಿತದ್ದೂ ಹೆಚ್ಚುಕಡಿಮೆ ಅದರಿಂದಲೇ. ಹತ್ತು ವರ್ಷ ಅಲ್ಲಿದ್ದು ಕಾತ್ರಜದಲ್ಲಿ ಸ್ವಂತ ಶೆಡ್ಡು ಹಾಕಿದರು. ಹಾಕಿದ ಮೊದಲ ಮಳೆಗಾಲದಲ್ಲೇ ಆ ಗಾಡಿ ಬಂತು.

"ಬ್ರೇಕ್ ಕೆಲ್ಸ. ನಾನ ಮಾಡೀನಿ, ನಾನ ಖಾಲಿ ಓಡ್ಸಿ ನೋಡೀನಿ, ಚಲೋ ಐತಿ ಒಯ್ಯಿ ಅಂದೀನಿ. ಅವ ಉಳ್ಳಾಗಡ್ಡಿ ಹೇರಿಕೊಂಡ ಘಾಟ ಇಳದ. ಭಾರಕ್ಕ ಬ್ರೇಕ್ ಹಿಡೀಲಿಲ್ಲ. ಗಾಡಿ ಗ್ವಾಡಿಗೆ ಒರಗ್ತು, ಜೀವ ಉಳೀತು. ಅವನ ಕಾಲ ಮೊಣಕಾಲತನಕ ತಗದ್ರು." ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಾರೆ. "ದವಾಖಾನಿಗೆ ಹೋದೆ. ಅವ ನನಗ ಬೈಲಿಲ್ಲ ತಂಗಿ. ಬೈದಿದ್ರ ಚಲೋ ಇತ್ತು."

ಅಂದಿನಿಂದ ಈ ಪದ್ಧತಿ. ರಿಪೇರಿ ಮುಗಿದ ಗಾಡಿ ಮಾಲಕನ ನಿಜವಾದ ಸರಕನ್ನೇ ಹೊತ್ತು ಘಾಟು ಹತ್ತಬೇಕು. ಪಕ್ಕದಲ್ಲಿ ಹೊಳಬಸಪ್ಪ ಕೂತಿರುತ್ತಾರೆ. ತುದಿಯಲ್ಲಿ ಅವರು ಇಳಿದು, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ "ಹೋಗ್ಬಾ" ಅಂದರೆ ಮಾತ್ರ ಗಾಡಿ ಮಾಲಕರ ಸುಪರ್ದಿಗೆ; ಸರಕು ತುಂಬಿ ತರಲು ಒಯ್ದಿದ್ದರೂ ಅಲ್ಲಿಯತನಕ ಹೊಣೆ ಮಿಸ್ತ್ರಿಯದೇ. ಆಮೇಲೆ ಕೆಳಗಿಳಿಯುವ ಯಾವುದೋ ಗಾಡಿಗೆ ಕೈಮಾಡಿ ಶೆಡ್ಡಿಗೆ ವಾಪಸು. ದಿನಕ್ಕೆ ಐದು ಸಲ, ಕೆಲವೊಮ್ಮೆ ಆರು. ಮೂವತ್ತೆಂಟು ವರ್ಷದ ಅನುಭವದಲ್ಲಿ ಈ ಪದ್ಧತಿಗೆ ಇಪ್ಪತ್ತೆಂಟು ವರ್ಷ.

ಇನ್ನೊಂದು ಸಂಗತಿ ನನಗೆ ಯಾರೂ ಹೇಳಲಿಲ್ಲ. ಸುಮ್ಮನೆ ಕುಳಿತದ್ದರಿಂದ ಕಂಡಿತು.

ಹೊಳಬಸಪ್ಪನವರ ನೀಲಿ ಅಂಗಿಯ ಬೆನ್ನ ಮೇಲೆ ಬಿಳಿ ಚುಕ್ಕೆಗಳಿವೆ. ಮೊದಲ ದಿನ ಬಣ್ಣವೆಂದುಕೊಂಡೆ. ಬುಧವಾರ ಮಧ್ಯಾಹ್ನ ಅವರು ಬಗ್ಗಿ ಗಾಲಿ ಬಿಚ್ಚುತ್ತಿದ್ದಾಗ ಒಂದು ಗಾಡಿ ಪೀಂ ಪೀಂ ಎಂದು ಸದ್ದು ಮಾಡುತ್ತ ಹಿಮ್ಮುಖವಾಗಿ ಅವರತ್ತಲೇ ಬರುತ್ತದೆ. ಅವರು ಅಲುಗುವುದಿಲ್ಲ. ಪಾರವ್ವ ಹೊಲಿಗೆಯಿಂದ ಕಣ್ಣು ಎತ್ತದೆಯೇ, ತಾಡಪತ್ರಿಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ಎಸೆಯುತ್ತಾರೆ. ಅದು ಬೆನ್ನಿಗೆ ಬಡಿದ ಕೂಡಲೇ ಹೊಳಬಸಪ್ಪ ಪಕ್ಕಕ್ಕೆ ಸರಿಯುತ್ತಾರೆ. ಏನೂ ಆಗಿಲ್ಲವೆಂಬಂತೆ ಇಬ್ಬರೂ ಕೆಲಸ ಮುಂದುವರಿಸುತ್ತಾರೆ.

ಹೊಳಬಸಪ್ಪನವರಿಗೆ ದಪ್ಪ ದನಿಗಳು ಕೇಳಿಸುತ್ತವೆ. ತೆಳು ದನಿಗಳು ಕೇಳಿಸುವುದಿಲ್ಲ. ಸುತ್ತಿಗೆ, ಗಾಳಿಯಂತ್ರ, ಸೈಲೆನ್ಸರಿಲ್ಲದ ಇಂಜಿನ್ನುಗಳ ನಡುವೆ ಕಳೆದ ಆಯುಷ್ಯ ಕಿವಿಯನ್ನು ತಿಂದಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ದವಡೆಗೆ ಆನಿಸಿ ಅವರು ಕಣ್ಣು ಮುಚ್ಚುವುದು ಅದಕ್ಕೇ. ಮೂಳೆಯ ಮೂಲಕ ಸದ್ದು ಹಿಡಿಯುತ್ತಾರೆ. ಗಿರಾಕಿಗಳು ಅದನ್ನು ದೊಡ್ಡ ವಿದ್ಯೆಯೆಂದು ತಿಳಿದಿದ್ದಾರೆ. ಅಕ್ಕಪಕ್ಕದ ಶೆಡ್ಡುಗಳ ಮಿಸ್ತ್ರಿಗಳೂ ಈಗ ದವಡೆಗೆ ಹಿಡಿದು ಕಣ್ಣು ಮುಚ್ಚುತ್ತಾರಂತೆ.

"ಹೊರಗ ಎಲ್ಲಾರ ಗಾಡಿ ಮಾತ ತಿಳೀತೈತಿ," ನನ್ನನ್ನು ತ್ರಿವೇಣವ್ವ ಎಂದೇ ಕರೆಯುವ ಪಾರವ್ವ ಕಿವಿಯಲ್ಲಿ ಹೇಳುತ್ತಾರೆ. "ಮನ್ಯಾಗ ನಾ ಚಾ ತಗೋರಿ ಅಂದ್ರ ಗ್ವಾಡಿ ನೋಡ್ತಾರ. ತ್ರಿವೇಣವ್ವಾ, ಯಾರ ಮುಂದೂ ಅನಬ್ಯಾಡ. ಕಿವುಡ ಮಿಸ್ತ್ರಿ ಕಡೆ ಯಾರ ಬರ್ತಾರ?"

ಹೇಳಬೇಡವೆಂದದ್ದನ್ನು ಬರೆಯುತ್ತಿದ್ದೇನೆ. ಗುರುವಾರದ ನಂತರ ಇಬ್ಬರ ಒಪ್ಪಿಗೆಯನ್ನೂ ಕೇಳಿ ಪಡೆದಿದ್ದೇನೆ. ಪಾರವ್ವ ಎರಡು ದಿನ ತಡೆದರು. ಹೊಳಬಸಪ್ಪ ತಡೆಯಲಿಲ್ಲ. "ಬರಿ. ಗೊತ್ತಾದ ಮ್ಯಾಲೂ ಬರಾವ್ರು ಬರ್ತಾರ. ಬರದಾವ್ರಿಗೆ ನಾ ಹೋಗಿ ಹೇಳ್ತೀನಿ, ಕಿವಿ ಹೋಗೈತಿ, ಕೈ ಹೋಗಿಲ್ಲ ಅಂತ. ಇನ್ನ ಹತ್ತ ವರ್ಷ ಘಾಟ ಹತ್ತಾವನ ನಾನು."

ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಹರ್ಷದಾ ಪೇರಲ ಹೇರಿಕೊಂಡು ಬರುತ್ತಾಳೆ. ಮಿಸ್ತ್ರಿಯ ಪರೀಕ್ಷೆಗಾಗಿ ಈ ಸುತ್ತಿನ ದಾರಿ ಹಿಡಿದು ನಸುಕಿನ ನಾಲ್ಕಕ್ಕೇ ಇಂದಾಪುರ ಬಿಟ್ಟಿದ್ದಾಳೆ. ಗಾಡಿ ಸುತ್ತಲೂ ಹಣ್ಣಿನ ವಾಸನೆ. ಅವಳು ಸ್ಟಿಯರಿಂಗಿನಲ್ಲಿ, ಮಿಸ್ತ್ರಿ ನಡುವೆ, ನಾನು ಎಡಗಿಟಕಿಗೆ. ಪಾರವ್ವ ಪೂಜೆಯ ಕುಂಕುಮ ತಂದು ಬಾನೆಟ್ಟಿಗೆ ಇಡುತ್ತಾರೆ.

ಈ ಸಲ ಗಾಡಿ ಏರುವ ರೀತಿಯೇ ಬೇರೆ. ಮೂರನೇ ತಿರುವು ಬಂದದ್ದೂ ಗೊತ್ತಾಗುವುದಿಲ್ಲ. ಹರ್ಷದಾ ಮೊದಲು ಹಲ್ಲು ಕಚ್ಚಿದ್ದವಳು, ಆಮೇಲೆ ನಗುತ್ತಾಳೆ, ಆಮೇಲೆ ಜೋರಾಗಿ ಮಾತಾಡತೊಡಗುತ್ತಾಳೆ. "ಕಾಯ್ ಮಾಮಾ, ಹರಿಣ ಆತಲ್ಲ! ಒಂಬತ್ತೂವರಿಗೆ ಗೇಟಿನಾಗ ನಿಂದರಸ್ತೀನಿ. ಆ ಮ್ಯಾನೇಜರ್ ಚಾ ಕುಡೀತಿರ್ತಾನ, ಅವನ ಕಪ್ಪಿನ ಮುಂದ ನಿಂದರಸ್ತೀನಿ." ಹೊಳಬಸಪ್ಪ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ತಲೆಯಾಡಿಸುತ್ತಾರೆ.

ಆಗ ನನಗೆ ಕೇಳಿಸುತ್ತದೆ. ಗಾಡಿ ಬಲಕ್ಕೆ ತಿರುಗಿದಾಗ, ಭಾರವೆಲ್ಲ ನನ್ನ ಕಡೆಗೆ ವಾಲಿದಾಗ, ಹಿಂದಿನಿಂದ ತೆಳ್ಳಗಿನ ಒಂದು ಕೂಗು. ಎಡಕ್ಕೆ ತಿರುಗಿದರೆ ಇಲ್ಲ. ಮತ್ತೆ ಬಲಕ್ಕೆ, ಮತ್ತೆ ಕೂಗು. ಮಂಗಳವಾರ ಇದು ಇರಲಿಲ್ಲ. ಆದರೆ ಮಂಗಳವಾರ ಗಾಡಿ ಇಷ್ಟು ವೇಗವಾಗಿ ಹತ್ತಲೂ ಇಲ್ಲ. ಇಂದಾಪುರದಿಂದ ಬರುವ ರಸ್ತೆ ನೆಟ್ಟಗಿದೆ, ಅಲ್ಲಿ ಹರ್ಷದಾಳಿಗೆ ಕೇಳಿಸದೇ ಹೋಗಿರಬಹುದು. ಈಗಂತೂ ಅವಳ ಮಾತೇ ಇಂಜಿನ್ನಿಗಿಂತ ಜೋರಾಗಿದೆ.

ನಾಲ್ಕನೇ ಬಲತಿರುವು. ಐದನೆಯದು. ನಾನು ಹೊಳಬಸಪ್ಪನವರ ಮುಖ ನೋಡುತ್ತೇನೆ. ಅಲ್ಲಿ ನೆಮ್ಮದಿ ಮಾತ್ರ ಇದೆ. ಎಲ್ಲ ಪಿಕಪ್ಪುಗಳೂ ಹೀಗೇ ಕೂಗುತ್ತವೇನೋ, ನನಗೇನು ಗೊತ್ತು? ಹೇಳಿದರೆ ಹರ್ಷದಾಳ ಮೂರನೇ ಖೇಪು ಇಲ್ಲೇ ನಿಂತುಹೋಗುತ್ತದೆ. ಅವಳ ಮುಂದೆಯೇ ಹೇಳಿದರೆ, ಪಾರವ್ವ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ನಾನು ಘಾಟಿನ ಮೇಲೆ ಬಿಚ್ಚಿದಂತೆ. ಸುಮ್ಮನಿದ್ದರೆ, ಮುಂದೆ ಖಂಬಾಟಕಿ ಘಾಟಿದೆ. ಅದನ್ನು ಈ ಭಾರ ಹೊತ್ತು ಇವಳು ಒಬ್ಬಳೇ ಹತ್ತಿ ಇಳಿಯಬೇಕು.

ತುದಿ ಬಂತು. ಇನ್ನೂ ಎಂಟಾಗಿಲ್ಲ. ನಾನು ಇಳಿಯುತ್ತೇನೆ, ಹೊಳಬಸಪ್ಪ ಇಳಿದು ಗಾಡಿಯ ಮುಂದಕ್ಕೆ ಹೋಗಿ ಬಾನೆಟ್ಟಿನ ಮೇಲೆ ಕೈ ಎತ್ತುತ್ತಾರೆ.

"ಕಾಕಾ, ತಡೀರಿ. ಒಂದು ಫೋಟೋ." ಬಾಯಿಗೆ ಬಂದದ್ದು ಅದೊಂದೇ.

"ಫೋಟೋ ಈಗ? ಲವ್‌ಕರ್, ಲಗೂ ತಗೀರಿ ಅಕ್ಕಾ, ಗೇಟ್ ಬಂದ್ ಆಗ್ತದ," ಹರ್ಷದಾ ಇಂಜಿನ್ ಆರಿಸದೆ ಕಿಟಕಿಯಿಂದ ತಲೆ ಹಾಕುತ್ತಾಳೆ. ಹೊಳಬಸಪ್ಪ ನಾಚಿಕೊಂಡು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಬಾನೆಟ್ಟಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲುತ್ತಾರೆ. "ಪೇರಲ ಕಾಣಂಗ ತಗಿ ತಂಗಿ. ನಾ ಬರದಿದ್ರೂ ನಡೀತೈತಿ."

ಪೇರಲ ಕಾಣುವ ಜಾಗ ಹುಡುಕುವವಳಂತೆ ನಾನು ಹಿಂದಕ್ಕೆ ಹೋಗುತ್ತೇನೆ. ಬಲಗಾಲಿಯ ನಡುಭಾಗಕ್ಕೆ ಅಂಗೈ ಹಿಡಿಯುತ್ತೇನೆ. ಬೆಚ್ಚಗಿದೆ. ಸುತ್ತಿ ಬಂದು ಎಡಗಾಲಿಗೆ ಹಿಡಿಯುತ್ತೇನೆ. ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಹತ್ತಿರದಲ್ಲಿ ಸುಟ್ಟ ಗ್ರೀಸಿನ ವಾಸನೆ. ಇದು ಬ್ರೇಕಿನ ಬಿಸಿ ಇರಲಾರದು; ಏರುವ ದಾರಿಯಲ್ಲಿ ಹರ್ಷದಾ ಬ್ರೇಕು ಒತ್ತಿದ್ದೇ ಕಡಿಮೆ.

ಮುಂದೆ ಬರುತ್ತೇನೆ. ಇಬ್ಬರೂ ನನ್ನ ಫೋನನ್ನೇ ನೋಡುತ್ತಿದ್ದಾರೆ. ಹೊಳಬಸಪ್ಪ ಫೋಟೋಕ್ಕೆಂದು ಇನ್ನೂ ಉಸಿರು ಹಿಡಿದಿದ್ದಾರೆ.

"ಹರ್ಷದಾ, ಇಂಜಿನ್ ಬಂದ್ ಮಾಡ್ರಿ," ಅನ್ನುತ್ತೇನೆ.

ಅವಳು ಹುಬ್ಬು ಗಂಟಿಕ್ಕಿ ಚಾವಿ ತಿರುಗಿಸುತ್ತಾಳೆ. ಘಾಟಿನ ಗಾಳಿಯ ಸದ್ದು ಮಾತ್ರ ಉಳಿಯುತ್ತದೆ. ನಾನು ಹೊಳಬಸಪ್ಪನವರ ಎದುರಿಗೆ, ಅವರಿಗೆ ನನ್ನ ತುಟಿ ಕಾಣುವ ಹಾಗೆ ನಿಂತು, ಇಷ್ಟು ವರ್ಷದಲ್ಲಿ ಯಾರೊಂದಿಗೂ ಆಡದಷ್ಟು ದೊಡ್ಡ ದನಿಯಲ್ಲಿ ಹೇಳುತ್ತೇನೆ.

"ಕಾಕಾ, ಹಿಂದಿನ ಎಡಗಾಲಿ ಸುಡಲಿಕ್ಕತ್ತದ. ದಾರಿ ತುಂಬ ಸಣ್ಣಗೆ ಕೂಗಿಕೋತ ಬಂತು. ನನಗ ಕೇಳಿಸ್ತು. ನಿಮಗ ಕೇಳಿಸಲಿಲ್ಲ."